ನಕ್ಕವಳ ಪರವಾಗಿ, ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ನಿಮ್ಮ ಕಂಪನಿಯ ಆಂತರಿಕ ಸಮಿತಿಗೆ ನಿನ್ನನ್ನು ಸೇರಿಸಿಕೊಂಡಿದ್ದಾರೆ ಎಂದು ಕೇಳಿ ನಿಜಕ್ಕೂ ಸಂತೋಷವಾಯಿತು. ತರಬೇತಿ ಮುಗಿಸಿ ಬಂದವನು ಕೇಳಿದೆಯಲ್ಲ, "ದೂರು ಕೊಟ್ಟವಳು ಆ ಹೊತ್ತಿನಲ್ಲಿ ನಕ್ಕಿದ್ದಳು ಎಂದು ನಾಲ್ಕು ಜನ ಸಾಕ್ಷಿ ಹೇಳಿದರೆ ಏನು ಮಾಡುವುದು?" ಎಂದು. ಫೋನಿನಲ್ಲಿ ಮಾತು ತೇಲಿಸಿಬಿಟ್ಟೆ. ಈ ಪ್ರಶ್ನೆ ನಿನ್ನೊಬ್ಬನದಲ್ಲವಾದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನೂ ನಕ್ಕಿದ್ದೆ, ಮಂಜು. ಮೊದಲ ಕೆಲಸ, ಪ್ರೊಬೇಷನ್ ಅವಧಿ. ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರೇ ನನ್ನ ಕುರ್ಚಿಯ ಹಿಂದೆ ನಿಂತು, ಲೆಕ್ಕ ತೋರಿಸುವ ನೆಪದಲ್ಲಿ ಭುಜದ ಮೇಲೆ ಕೈಯಿಟ್ಟು, ನನ್ನ ರವಿಕೆಯ ಬಗ್ಗೆ ಒಂದು ಮಾತಾಡಿದರು. ಇಡೀ ವಿಭಾಗ ನಕ್ಕಿತು. ನಾನೂ ನಕ್ಕೆ. ಆ ಕ್ಷಣ ಬೇಗ ಮುಗಿಯಲು ನನಗಿದ್ದ ದಾರಿ ಅದೊಂದೇ. ಮರುದಿನದಿಂದ ಸೆರಗು ಹೊದ್ದು ಕುಳಿತೆ, ಅವರ ಕೋಣೆಗೆ ಕಡತ ಒಯ್ಯುವಾಗ ಯಾರನ್ನಾದರೂ ಜೊತೆಗೆ ಕರೆದೆ, ಸಂಜೆ ಎಲ್ಲರಿಗಿಂತ ಮೊದಲು ಎದ್ದು ಹೊರಟೆ. ಇದ್ಯಾವುದೂ ಯಾರ ಕಣ್ಣಿಗೂ ಬೀಳಲಿಲ್ಲ. ಅಂದು ಸಾಕ್ಷಿ ಕೇಳಿದ್ದರೆ ಎಲ್ಲರೂ ನನ್ನ ನಗುವನ್ನೇ ಹೇಳುತ್ತಿದ್ದರು.

ಆದ್ದರಿಂದ ಆಮೇಲೆ ಅವಳು ಏನೇನು ಮಾಡಿದಳು ಎಂದು ವಿಚಾರಿಸು. ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಗೆ ಮುಖ್ಯವಾದದ್ದು ಆ ನಡವಳಿಕೆ ಅವಳಿಗೆ ಬೇಡವಾಗಿತ್ತೇ ಎಂಬುದು. ಅವನ ಪಾಲಿಗೆ ಅದು ತಮಾಷೆಯಾಗಿತ್ತು ಎಂಬ ಸಮಜಾಯಿಷಿ ಅಲ್ಲ. ತಡವಾಗಿ ಬಂದಳು ಎಂದು ಗೊಣಗುವವರಿಗೆ ಹೇಳು: ದೂರು ಕೊಡಲು 3 ತಿಂಗಳಿದೆ, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ ನಡೆಯುವಾಗ ಅವಳು ಲಿಖಿತವಾಗಿ ಕೇಳಿದರೆ ಅವಳಿಗೆ ರಜೆಯನ್ನೋ ಇಬ್ಬರಲ್ಲಿ ಒಬ್ಬರ ವರ್ಗಾವಣೆಯನ್ನೋ ಶಿಫಾರಸು ಮಾಡಬಹುದು. ಅವಳೇ ಬೇಡದಿದ್ದರೆ ಅವಳನ್ನು ಎತ್ತಂಗಡಿ ಮಾಡಬೇಡಿ, ದಯವಿಟ್ಟು.

ರಾಜಸ್ಥಾನದ ಭಂವರಿ ದೇವಿಯವರನ್ನು ನೆನೆದುಕೋ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ದೂರು ಕೊಟ್ಟರು, ಹೋರಾಡಿದರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಅವರ ಪ್ರಕರಣದಿಂದಲೇ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂತು, ಅದರಿಂದ ಈ ಕಾಯ್ದೆ, ಅದರಿಂದ ನಿನ್ನ ಸಮಿತಿ. ಕೂಗಿ ಹೇಳಿದವರನ್ನೇ ನಂಬದಿದ್ದ ಮೇಲೆ, ನಕ್ಕವಳು ಯಾವ ಧೈರ್ಯದಿಂದ ನಿನ್ನ ಮುಂದೆ ಬಂದು ಕೂರಬೇಕು ಹೇಳು?

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಅಮ್ಮನೂ ಇದನ್ನು ಓದುತ್ತಾಳೆ. ಮೊದಲು ಅವಳಿಗೆ ಫೋನ್ ಮಾಡಬೇಕು. ನೀನು ದಸರಾಕ್ಕೆ ಮಗಳನ್ನು ಕರೆದುಕೊಂಡು ಬಾ, ಜೊತೆಗೆ ಸಮಾಜಶಾಸ್ತ್ರದ ಮೇಷ್ಟ್ರ ಕೊಡೆಯನ್ನೂ ತಾ. ಅದು ನಿನ್ನ ಬಳಿಯೇ ಇದೆ, ನನಗೆ ಗೊತ್ತು.

ನಿನ್ನ,
ಸುಮಾ