ಶಿವಾ ಮನೆಗೆ ಹೋಗೋರು ಒಂದ್ಸಲ ಓದ್ಕೊಳ್ಳಿ

ಎಲ್ರಿಗೂ ನಮಸ್ಕಾರ, ಪಿಟ್ಸ್‌ಬರ್ಗ್‌ನ ಸ್ಕ್ವಿರಲ್ ಹಿಲ್‌ನಲ್ಲಿ ನಮ್ ಪಕ್ಕದ್ಮನೆ ಯಹೂದಿ ಅಜ್ಜಿ ತೀರ್ಕೊಂಡ್ರಲ್ಲ, ಅಲ್ಲೀಗ ಶಿವಾ ನಡೀತಿದೆ. ನಮ್ ಶಿವ ಅಲ್ಲ ಮಾರಾಯ್ರೇ, ಹೀಬ್ರೂನಲ್ಲಿ ಏಳು ಅಂತ, ಸೂತಕದ ಥರ ಏಳು ದಿನ. ಬಾಗಿಲು ತೆರ್ದೇ ಇರುತ್ತೆ ಬೆಲ್ ಒತ್ತಬೇಡಿ, ಕನ್ನಡಿಗೆಲ್ಲ ಬಟ್ಟೆ ಮುಚ್ಚಿರ್ತಾರೆ, ಮನೆಯವ್ರು ತಗ್ಗು ಸ್ಟೂಲ್ ಮೇಲೆ ಕೂತಿರ್ತಾರೆ, ಅವ್ರಾಗೇ ಬಾಯಿ ಬಿಡೋ ತನಕ ನಾವು ಸುಮ್ನೆ ಕೂರೋದು. ಹೂವು ಬೇಡ.

ಹೊಸಬ್ರಿಗೆ ಗೊತ್ತಿರ್ಲಿಕ್ಕಿಲ್ಲ, 2018 ಅಕ್ಟೋಬರ್ 27ರ ಶನಿವಾರ ಬೆಳಗ್ಗೆ ಇದೇ ಏರಿಯಾದ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಶಬ್ಬಾತ್, ಅಂದ್ರೆ ವಾರದ ವಿಶ್ರಾಂತಿ ದಿನದ ಪ್ರಾರ್ಥನೆಗೆ ಬಂದಿದ್ದ 11 ಜನರನ್ನ ಗುಂಡಿಟ್ಟು ಕೊಂದ್ರು. ಆಗ ಹೆವ್ರಾ ಕಡಿಶಾ ಅನ್ನೋ, ಶವನ ಅಂತ್ಯಕ್ರಿಯೆಗೆ ಸಿದ್ಧ ಮಾಡೋ ಸ್ವಯಂಸೇವಕರು ಒಳಗೋಗಿ ಚೆಲ್ಲಿದ್ದ ರಕ್ತನೂ ಒರೆಸಿ ತೆಗೆದ್ರು, ಯಾಕಂದ್ರೆ ಅವ್ರ ಧರ್ಮದಲ್ಲಿ ರಕ್ತನೂ ದೇಹದ ಭಾಗ, ಮಣ್ಣು ಮಾಡ್ಲೇಬೇಕು. ಹೂಳೋ ತನಕ ಶವನ ಒಂಟಿಯಾಗಿ ಬಿಡೋದೂ ಇಲ್ಲ, ಪಕ್ಕದಲ್ಲಿ ಯಾರಾದ್ರೂ ಕೂತು ಕೀರ್ತನೆ ಓದ್ತಿರ್ತಾರೆ. ಮುಂದಿನ ಶನಿವಾರ ಸಿನಗಾಗ್‌ಗಳು ತುಂಬಿ ತುಳುಕ್ತಿದ್ವು, ಯಹೂದಿಗಳಲ್ಲದೋರೂ ಹೋಗಿದ್ರು.

ಕದ್ದಿಶ್ ಹೇಳುವಾಗ ಎಲ್ರೂ ಎದ್ದು ನಿಂತ್ರೆ ನೀವೂ ನಿಲ್ಲಿ. ಸತ್ತೋರಿಗೋಸ್ಕರ ಹೇಳೋ ಪ್ರಾರ್ಥನೆ, ಆದ್ರೆ ಅದ್ರಲ್ಲಿ ಸಾವಿನ ಒಂದು ಮಾತೂ ಇಲ್ಲ, ಬರೀ ದೇವರ ಸ್ತುತಿ, ನಂಗಂತೂ ಇದು ಇನ್ನೂ ಪೂರ್ತಿ ಅರಗಿಲ್ಲ. ನಾಳೆ ಸಂಜೆ ಆರಕ್ಕೆ ನಾನು ಹೊರಡ್ತೀನಿ, ಕಾರಲ್ಲಿ ಮೂರು ಸೀಟ್ ಇದೆ. ಪುಳಿಯೋಗರೆ ತರ್ಬೇಡಿ ಪ್ಲೀಸ್, ಕೋಷರ್ ಅಡುಗೆಮನೆ, ಅಂದ್ರೆ ಯಹೂದಿ ಆಹಾರ ನಿಯಮ ಪಾಲಿಸೋದು.