ಮಕ್ಕಳ ಕನಸಿನ ಪಟಗಳಿಗೆ ಹೆಗಲು ಕೊಟ್ಟವರಿಗೆ

ಕಾಸರಗೋಡು ಜಿಲ್ಲೆಯ ಪೆರ್ಲದ ವಾಚನಾಲಯದ ಗೋಡೆಯಿಂದ ಪಟಗಳನ್ನೆಲ್ಲ ಇಳಿಸಿಯಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮಕ್ಕಳ ಕನಸುಗಳ ಛಾಯಾಚಿತ್ರ ಪ್ರದರ್ಶನ ಹೇಗಾಯಿತು ಎಂದು ಫೋನು ಮಾಡಿ ಕೇಳುತ್ತಿರುವವರಿಗೆಲ್ಲ ಒಟ್ಟಿಗೇ ಉತ್ತರ: ಚೆನ್ನಾಗಿ ಆಯಿತು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರಾದ ಈ ಮಕ್ಕಳ ಕಾಯಿಲೆಯ ವಿವರಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನವರಿಗೆ ಅದು ಬಾಯಿಪಾಠ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು ನಿಂತದ್ದು 2000ದಲ್ಲಿ. ನನ್ನ ಪಟಗಳಲ್ಲಿರುವ ಮಕ್ಕಳೆಲ್ಲ ಆಮೇಲೆ ಹುಟ್ಟಿದವರು. ವಾಣಿನಗರದ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅಂದು ದನಿ ಎತ್ತದಿದ್ದರೆ, ಮಧುರಾಜ್ ತೆಗೆದ ಛಾಯಾಚಿತ್ರಗಳು ಬಾರದಿದ್ದರೆ, ಹೊರಗಿನವರು ನಮ್ಮ ಗುಡ್ಡೆಗಳತ್ತ ತಿರುಗಿ ನೋಡುತ್ತಿದ್ದರೋ ಇಲ್ಲವೋ. ಆ ಋಣ ದೊಡ್ಡದು. ಆದರೆ ಅವರ ಹಿಂದೆ ಬಂದ ಕ್ಯಾಮರಾಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಮಗುವಿನ ಮೈ ಮಾತ್ರ. ನಿನಗೇನು ಆಸೆ ಎಂದು ಕೇಳಿದವರು ಕಡಿಮೆ. ಮದುವೆ ಪಟ ತೆಗೆದು ಬದುಕುವ ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಆ ಸಿಟ್ಟು.

ಕೇಳುವುದು ಹೇಗೆಂದು ಕಲಿಸಿದವರು ಅಕ್ಕ. ಭಿನ್ನಸಾಮರ್ಥ್ಯದ ಮಕ್ಕಳ ಶಾಲೆಯಲ್ಲಿ ಆಯಾ ಆಗಿರುವವರು. ಹೆಸರು ಹಾಕಿದರೆ ಮಾತು ಬಿಡುತ್ತೇನೆ ಎಂದು ಹೆದರಿಸಿರುವುದರಿಂದ ಇಲ್ಲಿಯೂ ಅಕ್ಕನೇ. ಮಾತು ಬಾರದ ಒಬ್ಬ ಹುಡುಗನ ಕನಸನ್ನು ತಿಳಿಯುವುದು ಹೇಗೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ, "ಸ್ವಲ್ಪ ಕೂರಿ, ಬೆಳಗಿನ ಬಸ್ಸು ಬರಲಿ" ಎಂದರು. ಕೆಳಗಿನ ತಿರುವಿನಲ್ಲಿ ಹಾರ್ನ್ ಕೇಳಿದ್ದೇ ತಡ, ಚಾಪೆಯ ಮೇಲೆ ಮಲಗಿದ್ದವನ ಎಡಗಾಲಿನ ಹಿಮ್ಮಡಿ ನೆಲಕ್ಕೆ ಟಪಟಪ ಬಡಿಯತೊಡಗಿತು. ಬಸ್ಸು ಏರು ಹತ್ತಿ ಸದ್ದು ಪೂರ್ತಿ ಅಡಗುವವರೆಗೂ ನಿಲ್ಲಲಿಲ್ಲ. ಡ್ರೈವರ್ ಆಗಬೇಕೆಂದಿರಬಹುದೇ ಎಂದು ಕೇಳಿದೆ. "ಅದೆಲ್ಲ ನಮ್ಮ ಆಸೆ ಅಣ್ಣ. ಅವನಿಗೆ ಬಸ್ಸು ಬೇಕು, ಅಷ್ಟೇ." ಒಂದು ಭಾನುವಾರ ಬಸ್ಸನ್ನು ಅಂಗಳದ ಬಳಿಗೇ ತಂದು ನಿಲ್ಲಿಸಿದ ಚಾಲಕರಿಗೂ ಮಾಲೀಕರಿಗೂ ನಮಸ್ಕಾರ.

ಯಕ್ಷಗಾನದ ಮಹಿಷಾಸುರನಾಗಬೇಕೆಂದಿದ್ದ ಹುಡುಗಿಯ ಪಟವನ್ನು ನೀವೆಲ್ಲ ನೋಡಿದ್ದೀರಿ. ಸಭೆಯ ಹಿಂದಿನಿಂದ, ದೊಂದಿ ಬೆಳಕಿನಲ್ಲಿ, ಜನರನ್ನು ಬೆಚ್ಚಿಸುತ್ತಾ ರಂಗಸ್ಥಳಕ್ಕೆ ನುಗ್ಗಬೇಕು ಎಂಬುದು ನಡೆಯಲಾಗದ ಅವಳ ಹಟ. ಬಣ್ಣದ ವೇಷದ ಹಿರಿಯ ಕಲಾವಿದರೊಬ್ಬರು ಕೊಂಬು ಕಟ್ಟಿ, ಮುಖಕ್ಕೆ ಬಣ್ಣ ಬರೆದರು. ಗಾಲಿಕುರ್ಚಿಯಲ್ಲಿ ಅವಳು ಹಾಕಿದ ಆರ್ಭಟೆಗೆ ನೆರೆಮನೆಯ ನಾಯಿ ಓಡಿಹೋಯಿತು.

ಪಟಗಳು ಅಚ್ಚಾಗಿ ಬರುವ ಮೊದಲೇ ಅವಳು ಹೋದಳು. ಜಡಿಮಳೆ, ಕರೆಂಟೂ ಇಲ್ಲ. ನೆಂಟರು ಬಂದು ಮುಟ್ಟಲು ಬೆಳಗಾಗಬೇಕಿತ್ತು. ಆ ರಾತ್ರಿಯಿಡೀ ಆ ಮನೆಯಲ್ಲಿ ಉಳಿದವರು ಅಕ್ಕ. ತಾಯಿಯ ಬೆನ್ನು ಸವರಿದರು, ಹಾಲಿಲ್ಲದ ಕಟ್ಟಂಚಾಯ ಮಾಡಿದರು, ಅಜ್ಜಿಗೆ ಒತ್ತಾಯಿಸಿ ಎರಡು ಸೌಟು ಗಂಜಿ ಕುಡಿಸಿದರು. ನಡುರಾತ್ರಿಯ ಹೊತ್ತಿಗೆ ಕಪಾಟಿನ ಪ್ಲಾಸ್ಟಿಕ್ ಡಬ್ಬಿ ಇಳಿಸಿ, ಚಿಮಿಣಿಯ ಬೆಳಕಿಗೆ ಒಂದೊಂದೇ ಮಾತ್ರೆಯ ಪಟ್ಟಿ ಹಿಡಿದು ತಾರೀಖು ನೋಡಿದರು. ತಾಯಿಯ ಹತ್ತಿರ ಮೆಲ್ಲನೆ ಕೇಳಿಯೇ, ಫಿಟ್ಸಿನ ಮಾತ್ರೆಗಳನ್ನು ಬೇರೆ ತೆಗೆದು ಕಾಗದದಲ್ಲಿ ಕಟ್ಟಿದರು. ಅದೇ ಮಾತ್ರೆ ನುಂಗುವ ಮಗು ಮೇಲಿನ ಮನೆಯಲ್ಲಿದೆ; ಅಲ್ಲಿ ಮುಗಿದು ಎರಡು ದಿನವಾಗಿತ್ತಂತೆ.

ನನಗೆ ಹೊಟ್ಟೆ ತೊಳಸಿದಂತಾಯಿತು. ಯಾವ ಕನಸು, ಯಾವ ಪ್ರದರ್ಶನ? ಮಾತ್ರೆಗೇ ಗತಿಯಿಲ್ಲದ ಕಡೆ ಫ್ರೇಮು ಹಾಕಿಸುತ್ತಿದ್ದೇನಲ್ಲ ಎಂದು ನನ್ನ ಮೇಲೆಯೇ ಹೇಸಿಗೆ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಕಾಗದದ ಮೇಲಿನ ದಯೆಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ಎಲ್ಲ ನಿಲ್ಲಿಸುತ್ತೇನೆ ಎಂದು ಜಗಲಿಯಲ್ಲಿ ಅಕ್ಕನಿಗೆ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ, ಬೈದರು. "ಬದುಕಿದ್ದಾಗ ಅವಳು ಕೇಳಿದ್ದು ಮಾತ್ರೆಯಲ್ಲ, ಕೊಂಬು. ಅದನ್ನೂ ಕಿತ್ತುಕೊಳ್ಳುತ್ತೀರಾ?" ಪಟ ಹಾಕಲು ತಾಯಿಯ ಅಪ್ಪಣೆ ಕೇಳಬೇಕಾದವಳು ತಾನು, ಈಗಲ್ಲ, ಹದಿಮೂರು ದಿನ ಕಳೆಯಲಿ ಎಂದರು. ಹಾಗೆಯೇ ಮಾಡಿದರು. ಪ್ರವೇಶದ ಬಾಗಿಲಿಗೆ ಎದುರಾಗಿ ಆ ಪಟ ಹಾಕಬೇಕೆಂದು ತಾಯಿಯೇ ಹೇಳಿಕಳುಹಿಸಿದರು.

ಉಳಿದವರ ಋಣವೂ ಸಣ್ಣದಲ್ಲ: ಕಾಸರಗೋಡಿನ ಪ್ರಿಂಟಿಂಗ್ ಅಂಗಡಿಯವರು, ಬದಿಯಡ್ಕದ ಫ್ರೇಮಿನವರು, ಕನ್ನಡದಲ್ಲೂ ಮಲಯಾಳದಲ್ಲೂ ಅಡಿಬರಹ ತಿದ್ದಿಕೊಟ್ಟ ಮಾಸ್ತರು, ಚಹಾ ಅವಲಕ್ಕಿಯ ಹೊಣೆ ಹೊತ್ತ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಮನೆಯ ಬಾಗಿಲು ತೆರೆದ ತಾಯಂದಿರು.

ವಾಚನಾಲಯದ ಕಾರ್ಯದರ್ಶಿಯವರಿಗೆ ಇನ್ನೊಂದು ನಮಸ್ಕಾರ ಹೆಚ್ಚು. ವಿಲೇಜ್ ಆಫೀಸರ್ ಆಗಿ ಅಮ್ಮನ ಅರ್ಜಿಗಳಿಗೆಲ್ಲ ಸೀಲು ಹೊಡೆಯಬೇಕೆಂಬ ಹುಡುಗಿಯ ಕೈಗೆ ಅವರು ಗ್ರಂಥಾಲಯದ ಸೀಲನ್ನೂ ಶಾಯಿ ಪ್ಯಾಡನ್ನೂ ಕೊಟ್ಟು ಕೂರಿಸಿದ್ದರು. ಬಂದವರ ಅಭಿಪ್ರಾಯ ಪುಸ್ತಕದ ಪುಟಪುಟಕ್ಕೂ ಅವಳ ಮುದ್ರೆ ಬಿದ್ದಿದೆ. ಮೇಜಿನ ಮೇಲೆ ಮರೆತಿದ್ದ ಫ್ರೇಮಿನ ಬಿಲ್ಲನ್ನೂ ಬಿಟ್ಟಿಲ್ಲ. ಬದಿಯಡ್ಕದವರೇ, ಅಧಿಕಾರಿಗಳ ಸೀಲು ಬಿದ್ದ ಮೇಲೆ ಬಾಕಿ ಉಳಿಸುವಂತಿಲ್ಲ. ಅಡಿಕೆ ಮಾರಿದ ಕೂಡಲೇ ಬರುತ್ತೇನೆ.