ಸೊನ್ನೆ ಬೆಲೆಯ ಅಜ್ಜಿ

ಪ್ರಿಯ ಗೆಳೆಯ,

ತಾತನ ಜಮೀನಿನ ಕಾಗದಕ್ಕಾಗಿ ನಾಲ್ಕು ಸಲ ಕಚೇರಿಗೆ ಅಲೆದು, ಕೊನೆಗೆ ಗೆದ್ದಲು ತಿಂದ ಹಳೆಯ ಪಹಣಿಯೊಂದನ್ನು ಕಂಡು ಕೈಮುಗಿದು ಬಂದ ನಿನ್ನ ಕಥೆ ಓದಿ ನಕ್ಕೆ. ನಗಬಾರದಿತ್ತು. ಕಳೆದ ಶುಕ್ರವಾರ ನನ್ನದೂ ಅದೇ ಪಾಡಾಯಿತು. ಇಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಧೂಳು ಕುಡಿದೆ. ನನ್ನ ವಂಶಕ್ಕಾಗಿ ಅಲ್ಲ. ನನ್ನವರ ಕಾಗದಗಳೇನಿದ್ದರೂ ನಿನ್ನ ಪಕ್ಕದ ತಾಲ್ಲೂಕಿನಲ್ಲಿವೆ. ಹೋದದ್ದು ನಮ್ಮ ನೆರೆಮನೆಯ ಮೇಷ್ಟರಿಗಾಗಿ. ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್ ಹಿರಿಯರು. ತಮ್ಮ ಮುತ್ತಜ್ಜನನ್ನು ಹೆತ್ತವಳು ಯಾರೆಂದು ಸಾಯುವುದರೊಳಗೆ ತಿಳಿಯಬೇಕೆಂಬುದು ಅವರ ಹಂಬಲ. ಕಣ್ಣು ಮಂಜಾಗಿರುವುದರಿಂದ ಆ ಕಾಲದ ಸುರುಳಿ ಸುರುಳಿ ಕೈಬರಹವನ್ನು ಓದಲು ನಾನು ಜೊತೆಗೆ.

ಮುತ್ತಜ್ಜ 1870ರ ಜನಗಣತಿಯಲ್ಲಿ ಸಿಕ್ಕಿದ್ದ, ಬೇರೆಯವರ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನಾಗಿ. ಅದರಾಚೆಗೆ ಗೋಡೆ. ಗುಲಾಮರಾಗಿದ್ದವರಲ್ಲಿ ಬಹುಪಾಲು ಜನರ ಹೆಸರು ಗಣತಿಯಲ್ಲಿ ಮೊದಲು ಕಾಣುವುದೇ ಆ ವರ್ಷ. 1850 ಮತ್ತು 1860ರಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಗಳಿದ್ದವು. ಒಡೆಯನ ಹೆಸರು, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರು ಸಾಮಾನ್ಯವಾಗಿ ಇರಲಿಲ್ಲ. ಆ ಗೋಡೆ ದಾಟಬೇಕಾದರೆ ಕೌಂಟಿ ನ್ಯಾಯಾಲಯದ ಉಯಿಲು, ಕ್ರಯಪತ್ರ, ಅಡಮಾನಪತ್ರಗಳೇ ಗತಿ. ತಲೆ ಎಣಿಸುವಾಗ ಸರ್ಕಾರಕ್ಕೆ ಅವರ ಹೆಸರು ಬೇಕಿರಲಿಲ್ಲ. ಆಸ್ತಿಯೆಂದು ಹಂಚುವಾಗ ಮಾತ್ರ ಯಾರು ಯಾರ ಪಾಲಿಗೆ ಎಂಬ ತಕರಾರು ಏಳಬಾರದಲ್ಲ, ಆಗ ಹೆಸರು ಬೇಕೇ ಬೇಕಾಯಿತು.

ಆದರೆ ಸೂಚಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗದು. ಸೂಚಿ ಇರುವುದು ಒಡೆಯರ ಹೆಸರಿನಲ್ಲಿ. ಮೇಷ್ಟರ ಮನೆತನದ ಹೆಸರು ಒಡೆಯನದೇ ಇರಬೇಕೆಂದು ನಾನು ಮೊದಲ ಒಂದು ಗಂಟೆ ಹಾಳುಮಾಡಿದೆ, ಹಾಗಿರಬೇಕೆಂದೇನೂ ಇಲ್ಲ. ಆಮೇಲೆ ಬುದ್ಧಿ ಬಂತು. ಬಿಡುಗಡೆಯಾದ ಹೊಸತರಲ್ಲಿ ಬಹಳ ಮಂದಿ ಅದೇ ಸುತ್ತಮುತ್ತಲಲ್ಲಿ ಉಳಿದಿದ್ದರು. ಹಾಗಾಗಿ 1870ರ ಹಾಳೆಯಲ್ಲಿ ಹುಡುಗನ ಅಕ್ಕಪಕ್ಕದ ದೊಡ್ಡ ಜಮೀನುದಾರರ ಹೆಸರುಗಳನ್ನು ಬರೆದುಕೊಂಡು, ಒಬ್ಬೊಬ್ಬರ ಕಾಗದವನ್ನೂ ತೆಗೆಸಿದೆವು.

ನಿನಗೆ ಖುಷಿಯಾಗುವ ಒಂದು ಮಾತು. ಇಲ್ಲಿನ ಕ್ರಯಪತ್ರಗಳಲ್ಲೂ ಚಕ್ಕುಬಂದಿ ಇದೆ: ಬಿಳಿ ಓಕ್ ಮರದಿಂದ ಹಳ್ಳದ ಬಾಯಿಗೆ ಇಷ್ಟು ಪೋಲ್, ಅಲ್ಲಿಂದ ಇಂಥವನ ಬೇಲಿಯ ಮೂಲೆಗೆ ಇಷ್ಟು ಪೋಲ್. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ಎರಡು ಪೋಲ್ ಸೇರಿದರೆ 33 ಅಡಿ. 33 ಅಡಿಯ ಚೌಕವೇ ನಮ್ಮ ಒಂದು ಗುಂಟೆ! ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞನ 66 ಅಡಿಯ ಸರಪಳಿ ಇಲ್ಲಿನ ಕಾಡನ್ನೂ ಅಳೆದಿದೆ, ಅದರ ಅರ್ಧ ನಿಮ್ಮ ಹೊಲಕ್ಕೂ ಬಂದಿದೆ. ಮೇಷ್ಟರಿಗೆ ಹೇಳಿದೆ. ಅವರಿಗೆ ಗುಂಟೆಯಲ್ಲಿ ಆಸಕ್ತಿ ಇರಲಿಲ್ಲ.

ಈ ಕಾಗದ ಉಳಿದದ್ದೇ ಪುಣ್ಯ. ಅಂತರ್ಯುದ್ಧದಲ್ಲಿ ಭದ್ರವಾಗಿರಲೆಂದು ಹಲವು ಕೌಂಟಿಗಳು ತಮ್ಮ ದಾಖಲೆಗಳನ್ನು ರಾಜಧಾನಿ ರಿಚ್ಮಂಡ್‌ಗೆ ಸಾಗಿಸಿದ್ದವು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹೊತ್ತಿ ಉರಿದಾಗ ಅವೂ ಬೂದಿಯಾದವು. ಇಲ್ಲಿನ ಗುಮಾಸ್ತ ಸೋಮಾರಿಯೋ ಜಾಣನೋ, ಗಾಡಿ ಕಟ್ಟಿಸಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಐದನೆಯ ಜಮೀನುದಾರನ ಪುಟ ತೆರೆಯಿತು. 1860ರಲ್ಲಿ ಸತ್ತವನು. ನ್ಯಾಯಾಲಯ ನೇಮಿಸಿದ ಮೂವರು ಮನೆಗೆ ಬಂದು, ಕಂಡದ್ದಕ್ಕೆಲ್ಲ ಬೆಲೆ ಕಟ್ಟಿ ಬರೆದ ಪಟ್ಟಿ. ಗೋಡೆ ಗಡಿಯಾರ, ಎರಡು ನೇಗಿಲು, ಮೂರು ಹಾಸಿಗೆ, ಕರಿ ಹಸು, ಅದರ ಕರು. ಸಾಲು ಬಿಡದೆ, ಶೀರ್ಷಿಕೆ ಬದಲಿಸದೆ, ಅದೇ ಶಾಯಿಯಲ್ಲಿ ಮನುಷ್ಯರ ಹೆಸರುಗಳು. ನಡುವೆ ಒಬ್ಬ ಹೆಂಗಸಿನ ಹೆಸರು, ‘ಮತ್ತು ಮಗು’ ಎಂದು ಬರೆದು ಮೇಷ್ಟರ ಮುತ್ತಜ್ಜನ ಹೆಸರು. ಇಬ್ಬರಿಗೂ ಸೇರಿಸಿ ಒಂದೇ ಬೆಲೆ. ಅವಳ ಹೆಸರನ್ನು ನಿನಗೆ ಬರೆಯುವುದಿಲ್ಲ, ಅದು ಅವರ ಮನೆಯದು.

ಎರಡು ಸಾಲು ಕೆಳಗೆ ಒಬ್ಬ ಮುದುಕಿ. ಅವಳ ಹೆಸರಿನ ಎದುರು ಡಾಲರಿನ ಅಂಕಣದಲ್ಲಿ ಎರಡು ಸೊನ್ನೆ. ದುಡಿಯಲಾರದವಳಿಗೆ ಬೆಲೆಯಿಲ್ಲ ಎಂದು ಅರ್ಥ. ಮೇಷ್ಟರು ಆ ಸೊನ್ನೆಗಳ ಮೇಲೆ ಬೆರಳಿಟ್ಟು, “ಇವಳು ಅಜ್ಜಿ ಇರಬೇಕು” ಎಂದರು. ನನ್ನ ಬಾಯಿ ಸುಮ್ಮನಿರಲಿಲ್ಲ. ಇರಬಹುದು, ಆದರೆ ಕಾಗದ ಹಾಗೆ ಹೇಳುತ್ತಿಲ್ಲವಲ್ಲ ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೀರು ಕುಡಿದು ಬರುತ್ತೇನೆಂದು ಎದ್ದು ಹೋದೆ.

ಮುಂದಿನ ಪುಟಗಳಲ್ಲಿ ಪಾಲುಪಟ್ಟಿ. ಚೀಟಿ ಎತ್ತಿ ಹಂಚಿದ್ದಾರೆ. ತಾಯಿ ಮಗು ಎರಡನೆಯ ಮಗನಿಗೆ. ಮುದುಕಿ ಹಿರಿಯ ಮಗಳಿಗೆ, ಅವಳನ್ನು ಸಾಕುವ ಖರ್ಚಿಗೆಂದು ಮೇಲೆ ಸ್ವಲ್ಪ ಹಣ. ಹಿರಿಯ ಅಳಿಯನಿಗೆ ಇದು ಒಪ್ಪಿಗೆಯಾಗಿಲ್ಲ, ಪುಣ್ಯಾತ್ಮ ದಾವೆ ಹೂಡಿದ್ದಾನೆ. ನಮ್ಮಲ್ಲಿ ದಾಯಾದಿ ಜಗಳವೆಂದರೆ ಮೂಗು ಮುರಿಯುತ್ತೇವೆ. ವಂಶ ಹುಡುಕುವವನಿಗೆ ಅಂಥ ವರ ಬೇರೊಂದಿಲ್ಲ. ಹೊಂದಿಕೊಂಡು ಬಾಳಿದ ಮನೆ ಒಂದು ಉಯಿಲನ್ನು ಬಿಟ್ಟು ಹೋಗುತ್ತದೆ. ಕಿತ್ತಾಡಿದ ಮನೆ ನೆರೆಹೊರೆಯವರನ್ನೆಲ್ಲ ಕಟಕಟೆಗೆ ಎಳೆದು, ಯಾರು ಎಲ್ಲಿದ್ದರು, ಯಾರ ಮಗಳು ಯಾರು ಎಂದು ಬಾಯಿಬಿಡಿಸುತ್ತದೆ. ಇಂಥ ದಾವೆಗಳ ಕಟ್ಟುಗಳನ್ನು ವರ್ಜೀನಿಯಾದ ರಾಜ್ಯ ಗ್ರಂಥಾಲಯ ಬಹಳ ಮಟ್ಟಿಗೆ ಸ್ಕ್ಯಾನ್ ಮಾಡಿ ಇಟ್ಟಿದೆ, ಮನೆಯಲ್ಲೇ ಕುಳಿತು ಓದಬಹುದು. ನಮ್ಮ ಕಟ್ಟು ಸಿಕ್ಕಿದೆ. ನೂರಕ್ಕೂ ಹೆಚ್ಚು ಪುಟ, ಕೆಲವು ಕಡೆ ಶಾಯಿ ಹರಡಿದೆ. ಭಾನುವಾರ ಮೇಷ್ಟರು ಬರುತ್ತಾರೆ, ಶುರುಮಾಡುತ್ತೇವೆ.

ನಿನ್ನ ತಾತನ ಹಿಸ್ಸಾ ಪತ್ರ ಸಿಕ್ಕಿದರೆ ಸರ್ವೆ ನಂಬರ್ ನೋಡಿ ಮಡಚಿಡಬೇಡ. ಕೆಳಗೆ ಸಾಕ್ಷಿ ಹಾಕಿದವರು ಯಾರು, ಹೆಬ್ಬೆಟ್ಟು ಒತ್ತಿದವರು ಯಾರು, ಬರೆದುಕೊ. ಕರೆದ ಕೂಡಲೇ ಬರುವವರು ನೆಂಟರೋ ನೆರೆಯವರೋ ಆಗಿರುತ್ತಾರೆ. ಫೋಟೊ ತೆಗೆದರೆ ನನಗೂ ಕಳುಹಿಸು, ಹಳೆಯ ಮೋಡಿ ಲಿಪಿಯಲ್ಲಿದ್ದರೂ ಪರವಾಗಿಲ್ಲ.

ಇಂತಿ ನಿನ್ನ,
ಧೂಳಿನಿಂದ ಇನ್ನೂ ಸೀನುತ್ತಿರುವ ಗೆಳೆಯ